ವಾರಂಟಿ ಇರುವ 320ಎಲ್‌ಡಿಗೆ ನಡುವೆ ಒಂದು ಆಯಿಲ್ ಚೇಂಜ್

ಕಾರು ನಮ್ಮ ಭಾವನದು. ಬಿಎಂಡಬ್ಲ್ಯೂ 320ಎಲ್‌ಡಿ ಗ್ರ್ಯಾನ್ ಲಿಮೋಸಿನ್. 2021ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಉದ್ದನೆಯ 3 ಸೀರೀಸ್. ಎರಡು ಲೀಟರ್ ಡೀಸೆಲ್ ಎಂಜಿನ್, 190 ಹಾರ್ಸ್‌ಪವರ್. ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ಚಾಲ್ತಿಯಲ್ಲಿದೆ. ಕಾರಿರುವುದು ದಾವಣಗೆರೆಯಲ್ಲಿ, ಭಾವ ಸರ್ವಿಸ್ ಮಾಡಿಸುವುದು ಬೆಂಗಳೂರಿನಲ್ಲಿ. ನಡುವೆ 260 ಕಿಲೋಮೀಟರ್ ಹೈವೇ.

ಸರ್ವಿಸ್‌ಗೆ ಇನ್ನೂ ತುಂಬಾ ಟೈಮ್ ಇದೆ ಅಂತ ಕಾರಿನ ಸ್ಕ್ರೀನ್ ಹೇಳುತ್ತಿತ್ತು. ಆದರೂ ನಡುವೆ ಒಂದು ಸಲ ಆಯಿಲ್ ಬದಲಾಯಿಸೋಣ ಅಂತ ನಾನೇ ಹೇಳಿದೆ. ಕಾರಣ ಓಡಾಟದ ರೀತಿ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಸಂಜೆ ಒಂದು ಸುತ್ತು ದೇವಸ್ಥಾನ. ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಆಫ್ ಆಗಿರುತ್ತದೆ. ಬಿಎಸ್6 ಡೀಸೆಲ್ ಕಾರಿಗೆ ಇದಕ್ಕಿಂತ ಕೆಟ್ಟ ಬದುಕಿಲ್ಲ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಆಯಿಲ್ ಅನ್ನುವುದೂ ಇದರಲ್ಲೇ ಇದೆ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯಲ್ಲಿನ ಮಸಿ ಅದರಲ್ಲಿ ಕೂರುತ್ತದೆ. ಒಂದಷ್ಟು ತುಂಬಿದ ಮೇಲೆ ಕಾರು ತಾನೇ ಅದನ್ನು ಸುಟ್ಟು ಹಾಕುತ್ತದೆ. ಅದಕ್ಕೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಆ ಬಿಸಿಗಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಅನ್ನು ತಡವಾಗಿ ಸಿಂಪಡಿಸುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆ ಸಿಲಿಂಡರ್ ಗೋಡೆಗೆ ಅಂಟಿ, ಕೆಳಗಿಳಿದು ಆಯಿಲ್ ಸೇರುತ್ತದೆ. ಹೈವೇಯಲ್ಲಿ ಓಡುವ ಕಾರಾದರೆ ಎಂಜಿನ್ ಬಿಸಿಗೆ ಅದು ಆವಿಯಾಗಿ ಹೋಗುತ್ತದೆ. ಊರೊಳಗೇ ಸುತ್ತುವ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಆಯಿಲ್ ತೆಳುವಾಗುತ್ತಾ ಹೋಗುತ್ತದೆ. ಕೆಲವೊಮ್ಮೆ ಆಯಿಲ್ ಲೆವೆಲ್ ಇಳಿಯುವ ಬದಲು ಏರುತ್ತದೆ. ಭಾವನ ಕಾರಿನಲ್ಲೂ ಲೆವೆಲ್ ಗೆರೆ ಮ್ಯಾಕ್ಸ್‌ಗೆ ಒತ್ತಿಕೊಂಡೇ ಇತ್ತು. "ಒಳ್ಳೇದೇ ಅಲ್ವಾ, ಆಯಿಲ್ ಕುಡೀತಾ ಇಲ್ಲ" ಅಂದರು ಭಾವ. ಅಷ್ಟು ಒಳ್ಳೆಯದೇನಲ್ಲ.

ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ಮೇಲ್ ಬರೆಯುವುದು. ವಾರಂಟಿ ಇರುವ ಕಾರಿಗೆ ಹೊರಗೆ ಏನೇ ಮಾಡುವ ಮುಂಚೆ ವರ್ಕ್‌ಶಾಪಿನಿಂದ ಬರಹದಲ್ಲಿ ಉತ್ತರ ಪಡೆದಿರಬೇಕು. ಫೋನಿನಲ್ಲಿ ಅಡ್ವೈಸರ್ "ಆಯ್ತು ಸಾರ್, ನೋ ಪ್ರಾಬ್ಲಮ್" ಅಂದದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ. ಭಾವನ ಹೆಸರಿನಲ್ಲಿ, ಚಾಸಿ ನಂಬರ್ ಸಮೇತ ಮೂರು ಪ್ರಶ್ನೆ ಕಳಿಸಿದೆವು. ಈ ಎಂಜಿನ್‌ಗೆ ಒಪ್ಪಿಗೆ ಇರುವ ಆಯಿಲ್ ಸ್ಪೆಸಿಫಿಕೇಶನ್ ಯಾವುದು? ಫಿಲ್ಟರಿನ ಪಾರ್ಟ್ ನಂಬರ್ ಏನು? ನಿಗದಿತ ಸರ್ವಿಸ್ ನಿಮ್ಮಲ್ಲೇ ಮಾಡಿಸುತ್ತಾ, ನಡುವೆ ಒಂದು ಹೆಚ್ಚುವರಿ ಆಯಿಲ್ ಚೇಂಜ್ ಹೊರಗೆ ಮಾಡಿದರೆ ಏನೇನು ದಾಖಲೆ ಇಟ್ಟಿರಬೇಕು? ಉತ್ತರ ಚುಟುಕಾಗಿ ಬಂತು. ಲಾಂಗ್‌ಲೈಫ್-04 (ಬಿಎಂಡಬ್ಲ್ಯೂನ ಸ್ವಂತ ಸ್ಪೆಸಿಫಿಕೇಶನ್) ಆಯಿಲ್, ಒರಿಜಿನಲ್ ಫಿಲ್ಟರ್, ಎರಡಕ್ಕೂ ಬಿಲ್. ನಿಗದಿತ ಸರ್ವಿಸ್ ತಪ್ಪಿಸಬೇಡಿ. ಅಷ್ಟೇ. ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದರ ಕೇಸು ಅದು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನುವ ಹಾಗಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಆ ಆದೇಶದಲ್ಲಿದೆ. ಅದರ ಮೇಲೆ ಮೇಲ್ಮನವಿಗಳೂ ನಡೆದವು. ತಿಳಿದಿರುವುದು ಒಳ್ಳೆಯದು. ಆದರೆ ಸರ್ವಿಸ್ ಕೌಂಟರಿನಲ್ಲಿ ನಿಂತು ಆಯೋಗದ ಆದೇಶ ಓದಿ ಹೇಳುವುದಕ್ಕಿಂತ ಸರಿಯಾದ ಆಯಿಲಿನ ಬಿಲ್ ತೋರಿಸುವುದೇ ಸುಲಭ. ಅಲ್ಲಿ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಇನ್ನು ಆಯಿಲ್ ಅಂಗಡಿ. ಪಿ.ಬಿ. ರಸ್ತೆಯಲ್ಲಿ ಇವು ಸಾಲಾಗಿವೆ. ಮೊದಲು ಹೊಕ್ಕ ಅಂಗಡಿಯಲ್ಲಿ "ಬಿಎಂಡಬ್ಲ್ಯೂ ಡೀಸೆಲ್" ಅಂದ ತಕ್ಷಣ ಒಂದು ಡಬ್ಬಿ ಕೌಂಟರ್ ಮೇಲೆ ಬಂತು. ಮುಂದುಗಡೆ ದೊಡ್ಡದಾಗಿ 5ಡಬ್ಲ್ಯೂ-30, ಫುಲ್ಲಿ ಸಿಂಥೆಟಿಕ್. ಒಳ್ಳೆಯ ಕಂಪನಿ, ಬೆಲೆಯೂ ಗಟ್ಟಿ. ನಾನು ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಲು ಕೂತೆ. ಎಸಿಇಎ ಎ3/ಬಿ4 ಅಂತಿತ್ತು. ಎಸಿಇಎ ಅಂದರೆ ಯುರೋಪಿನ ಕಾರು ಕಂಪನಿಗಳ ಸಂಘ, ಎ3/ಬಿ4 ಅದು ಮಾಡಿದ ಆಯಿಲ್ ವರ್ಗಗಳಲ್ಲಿ ಒಂದು. ಬೇಡ ಅಂದೆ. "ಗ್ರೇಡ್ ಅದೇ ಇದೆಯಲ್ಲಾ ಸಾರ್, ಮತ್ತೆ ಯಾಕೆ?" ಅಂದ ಅಂಗಡಿಯವನು. ಅವನ ಪ್ರಶ್ನೆ ನ್ಯಾಯವಾದದ್ದೇ. ಬಹಳ ಜನ ಗ್ರೇಡ್ ನೋಡಿಯೇ ತಗೊಂಡು ಹೋಗುತ್ತಾರೆ.

5ಡಬ್ಲ್ಯೂ-30 ಅನ್ನುವುದು ಆಯಿಲಿನ ಗಟ್ಟಿತನ ಮಾತ್ರ ಹೇಳುತ್ತದೆ. ಮೊದಲ ಸಂಖ್ಯೆ ಚಳಿಯ ಲೆಕ್ಕ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 0ಡಬ್ಲ್ಯೂ ಆಯಿಲನ್ನು ಮೈನಸ್ 35ರಲ್ಲಿ. ದಾವಣಗೆರೆಯಲ್ಲಿ ಅದನ್ನು ಕಟ್ಟಿಕೊಂಡು ನಮಗೇನಾಗಬೇಕು? ಎರಡನೆಯ ಸಂಖ್ಯೆ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತದೆ ಅನ್ನುವುದು. ನಮ್ಮ ಬಿಸಿಲಿಗೆ ಮುಖ್ಯವಾದದ್ದು ಇದು. ಇದರ ಜೊತೆಗೆ 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂಥ ಒತ್ತಡದಲ್ಲಿ ಅಳೆಯುವ ಎಚ್‌ಟಿಎಚ್‌ಎಸ್ ಅನ್ನುವ ಇನ್ನೊಂದು ಅಳತೆ ಇದೆ. ಆಯಿಲ್ ಪದರ ಎಂಜಿನ್ನನ್ನು ಎಷ್ಟು ಕಾಯುತ್ತದೆ ಅಂತ ಅದು ಹೇಳುತ್ತದೆ. ಡಬ್ಬಿಯ ಮುಂದೆ ಇದನ್ನು ಯಾರೂ ಬರೆಯುವುದಿಲ್ಲ.

ಬೂದಿ ಎಷ್ಟು ಬರುತ್ತದೆ ಅನ್ನುವುದನ್ನಂತೂ ಗ್ರೇಡ್ ಹೇಳುವುದೇ ಇಲ್ಲ. ಡಿಪಿಎಫ್ ಇರುವ ಕಾರಿಗೆ ಬೇಕಾದದ್ದು ಇದೇ. ಆಯಿಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್ ಇರುವ ಮದ್ದುಗಳನ್ನು ಬೆರೆಸಿರುತ್ತಾರೆ. ಎಂಜಿನ್ ಕೊಳೆ ತೊಳೆಯಲು, ಆಮ್ಲ ಮುರಿಯಲು, ಸವೆತ ತಡೆಯಲು ಅವು ಬೇಕೇ ಬೇಕು. ಆದರೆ ಪ್ರತಿ ಎಂಜಿನ್ನೂ ಒಂದಿಷ್ಟು ಆಯಿಲ್ ಸುಡುತ್ತದೆ. ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿಯುವ ಹಾಗೆ ಈ ಮದ್ದುಗಳ ಬೂದಿ ಡಿಪಿಎಫ್‌ನಲ್ಲಿ ಉಳಿಯುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಬರುವುದಿಲ್ಲ. ತುಂಬಿತು ಅಂದರೆ ಡಿಪಿಎಫ್ ಬಿಚ್ಚಬೇಕು, ಇಲ್ಲವೇ ಹೊಸದು ಹಾಕಬೇಕು. ಎ3/ಬಿ4 ಆಯಿಲಿನಲ್ಲಿ ಸಲ್ಫೇಟೆಡ್ ಬೂದಿ ಶೇ. 1ರಿಂದ 1.6ರವರೆಗೆ ಇರಬಹುದು. ಡಿಪಿಎಫ್ ಇರುವ ಕಾರುಗಳಿಗೆಂದೇ ಮಾಡಿದ ಎಸಿಇಎ ಸಿ3 ವರ್ಗದ ಆಯಿಲಿನಲ್ಲಿ ಶೇ. 0.8 ದಾಟುವಂತಿಲ್ಲ. ಸಿ3ರಲ್ಲಿ ಎಚ್‌ಟಿಎಚ್‌ಎಸ್ ಕನಿಷ್ಠ 3.5 ಇರಲೇಬೇಕು. ಅಂದರೆ ಬೂದಿ ಕಮ್ಮಿ, ಬಿಸಿಯಲ್ಲಿ ಪದರವೂ ಗಟ್ಟಿ. ಬಿಎಂಡಬ್ಲ್ಯೂನ ಲಾಂಗ್‌ಲೈಫ್-04 ಇದೇ ದಾರಿಯದು. ಅದರ ಮೇಲೆ ಕಂಪನಿ ತನ್ನದೇ ಎಂಜಿನ್ ಪರೀಕ್ಷೆಗಳನ್ನೂ ಮಾಡಿಸುತ್ತದೆ.

ಹಾಗಂತ ಎ3/ಬಿ4 ಕೆಟ್ಟ ಆಯಿಲ್ ಅಲ್ಲ. ಡೀಸೆಲಿನಲ್ಲಿ ಗಂಧಕ ಜಾಸ್ತಿ ಇದ್ದ ಕಾಲದಲ್ಲಿ ಆಮ್ಲ ಮುರಿಯುವ ಆ ತಾಕತ್ತು ಬೇಕಿತ್ತು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ ಬಿಎಸ್6 ಇಂಧನ. ಗಂಧಕ 50ರಿಂದ 10 ಪಿಪಿಎಂಗೆ ಇಳಿಯಿತು. ಕಡಿಮೆ ಬೂದಿಯ ಆಯಿಲ್ ಈಗ ಧೈರ್ಯವಾಗಿ ಹಾಕಬಹುದು. ಡಿಪಿಎಫ್ ಇಲ್ಲದ ಹಳೆಯ ಕಾರು ಮನೆಯಲ್ಲಿದ್ದರೆ ಅದಕ್ಕೆ ಎ3/ಬಿ4 ಚೆನ್ನಾಗಿಯೇ ಆಗುತ್ತದೆ.

ಎರಡನೇ ಅಂಗಡಿಯಲ್ಲಿ ಸಿಕ್ಕ ಡಬ್ಬಿ ಇನ್ನೂ ಕುತೂಹಲದ್ದು. ಹಿಂದುಗಡೆ ಲಾಂಗ್‌ಲೈಫ್-04 ಅಂತ ಬರೆದೇ ಇತ್ತು. ಆದರೆ ಅದರ ಮೇಲಿನ ಸಾಲು "ಮೀಟ್ಸ್ ದಿ ರಿಕ್ವೈರ್‌ಮೆಂಟ್ಸ್ ಆಫ್". ಅಂದರೆ ಆಯಿಲ್ ಕಂಪನಿ ತಾನೇ ಹೇಳಿಕೊಳ್ಳುತ್ತಿದೆ, ಕಾರು ಕಂಪನಿ ಒಪ್ಪಿಲ್ಲ. ನಮಗೆ ಬೇಕಾದದ್ದು "ಅಪ್ರೂವಲ್" ಅನ್ನುವ ತಲೆಬರಹದ ಕೆಳಗಿನ ಪಟ್ಟಿ. ಎರಡೂ ಪಟ್ಟಿ ಒಂದೇ ಡಬ್ಬಿಯ ಮೇಲೆ ಒಂದರ ಕೆಳಗೊಂದು ಇರುವುದೂ ಉಂಟು. "ರೆಕಮೆಂಡೆಡ್ ಫಾರ್", "ಸೂಟಬಲ್ ಫಾರ್" ಇವೆಲ್ಲ ಅದೇ ಜಾತಿ. ಆಯಿಲ್ ನಿಜಕ್ಕೂ ಚೆನ್ನಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಾಳೆ ಟರ್ಬೊ ಹೋಗಿ, ವಾರಂಟಿ ಕೇಳಲು ಹೋದಾಗ ಆ ಸಾಲು ನಮ್ಮ ಪರವಾಗಿ ನಿಲ್ಲುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಆಯಿಲ್‌ಗಳಿಗೆ ಲಾಂಗ್‌ಲೈಫ್-04 ಅಪ್ರೂವಲ್ ಇದ್ದರೂ ಪಕ್ಕದಲ್ಲಿ "2018ರ ಮಾಡೆಲ್‌ವರೆಗೆ" ಅಂತ ಇರುತ್ತದೆ. ಸ್ಪೆಸಿಫಿಕೇಶನ್ ಹೆಸರು ಅದೇ ಉಳಿದು, ಪರೀಕ್ಷೆ ಬಿಗಿಯಾದ ಫಲ ಇದು. 2021ರ ಕಾರಿಗೆ ಅದು ಬೇಡ. ಮಬ್ಬು ಬೆಳಕಿನ ಅಂಗಡಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಯಾವ ಕಂಪನಿ ಅನ್ನುವುದು ಭಾವನ ಪ್ರಶ್ನೆ. ಅವರಿಗೆ ಬ್ರ್ಯಾಂಡ್ ಮುಖ್ಯ. ಬಿಎಂಡಬ್ಲ್ಯೂ ವರ್ಷಗಟ್ಟಲೆ ಕ್ಯಾಸ್ಟ್ರಾಲ್ ಜೊತೆಗಿತ್ತು, 2015ರಲ್ಲಿ ಶೆಲ್ ಕಡೆಗೆ ತಿರುಗಿತು. ಅದಕ್ಕಾಗಿ ಎಂಜಿನ್‌ಗಳು ಬದಲಾಗಲಿಲ್ಲ, ಲಾಂಗ್‌ಲೈಫ್ ಸ್ಪೆಸಿಫಿಕೇಶನ್‌ಗಳೂ ಬದಲಾಗಲಿಲ್ಲ. ಹಾಗಾಗಿ ಅಪ್ರೂವಲ್ ಇದ್ದು, ನಂಬುವ ಡೀಲರ್ ಹತ್ತಿರ ಸಿಗುವ ಯಾವುದಾದರೂ ಆಗುತ್ತದೆ ಅಂದೆ. ಕೊನೆಗೆ ವರ್ಕ್‌ಶಾಪಿನ ಪಾರ್ಟ್ಸ್ ಕೌಂಟರಿನಿಂದಲೇ ಬಿಎಂಡಬ್ಲ್ಯೂ ಹೆಸರಿನ ಲಾಂಗ್‌ಲೈಫ್-04, 5ಡಬ್ಲ್ಯೂ-30 ತರಿಸಿದೆವು, ಫಿಲ್ಟರ್ ಜೊತೆಗೆ. ಪಿ.ಬಿ. ರಸ್ತೆಗಿಂತ ಬೆಲೆ ಜಾಸ್ತಿ. ಆದರೆ ಒಂದೇ ಬಿಲ್ಲಿನಲ್ಲಿ ಎಲ್ಲ ಇದೆ, ಡುಪ್ಲಿಕೇಟ್ ಭಯವೂ ಇಲ್ಲ. ಹೊರಗೆ ಕೊಳ್ಳುವವರು ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಆಯಿಲಿನ ಪೂರ್ತಿ ಹೆಸರು ಬರೆಸಿ. ಬರೀ "ಎಂಜಿನ್ ಆಯಿಲ್" ಅಂತ ಬರೆದ ಬಿಲ್ ಇದ್ದೂ ಇಲ್ಲದಂತೆ.

ಈ ಎಂಜಿನ್‌ಗೆ ಬಿಎಂಡಬ್ಲ್ಯೂನದೇ ಎಲ್‌ಎಲ್-12 ಎಫ್‌ಇ (ಎಲ್‌ಎಲ್ ಅಂದರೆ ಲಾಂಗ್‌ಲೈಫ್) ಅನ್ನುವ, ಎಚ್‌ಟಿಎಚ್‌ಎಸ್ ಲೆಕ್ಕದಲ್ಲಿ ಇನ್ನೂ ತೆಳುವಾದ 0ಡಬ್ಲ್ಯೂ-30 ಆಯಿಲೂ ನಡೆಯುತ್ತದೆ. ಮೈಲೇಜ್ ಸ್ವಲ್ಪ ಹೆಚ್ಚಲಿ ಅಂತ ಮಾಡಿದ್ದು. ನಾನು ಬೇಡ ಅಂದೆ. ಡೀಸೆಲ್ ಬೆರೆತು ಹೇಗೂ ತೆಳುವಾಗುವ ಆಯಿಲನ್ನು ನಾವೇ ತೆಳುವಿನಿಂದ ಶುರು ಮಾಡುವುದು ಯಾಕೆ? ಇದು ನನ್ನ ಲೆಕ್ಕ. ಬೇರೆಯವರು ಬೇರೆ ಹೇಳಬಹುದು.

ಬೇರೆ ಕಾರಿನವರಿಗೆ ಒಂದು ಮಾತು. ಮರ್ಸಿಡಿಸ್ ಡೀಸೆಲ್‌ಗಳಲ್ಲಿ ಕಾಣುವ ಹೆಸರು ಎಂಬಿ 229.51, 229.52. ಆಡಿ, ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ 504 00, 507 00. ಹೊಸ 508 00, 509 00 ಅನ್ನುವುದು 0ಡಬ್ಲ್ಯೂ-20, ನೋಡಲು ಹಸಿರು ಬಣ್ಣ. ಅದು ಎಲ್ಲ ಎಂಜಿನ್‌ಗೂ ಅಲ್ಲ, 504 ಕೇಳುವ ಹಳೆಯ ಎಂಜಿನ್‌ಗೆ ಹೊಸದು ಅಂತ ಹಾಕಬೇಡಿ. ಯಾವುದೇ ಕಾರಾದರೂ ಮ್ಯಾನ್ಯುಯಲ್‌ನ ಆ ಪುಟವೇ ಕೊನೆಯ ಮಾತು.

ಕೆಲಸ ನಡೆದದ್ದು ಸ್ನೇಹಿತನ ಗ್ಯಾರೇಜಿನಲ್ಲಿ. ಈ ಕಾರು ಉದ್ದ, ನೆಲಕ್ಕೂ ಹತ್ತಿರ. ಮನೆ ಮುಂದೆ ಜಾಕ್ ಹಾಕಿ ಕೆಳಗೆ ನುಗ್ಗುವ ಸಾಹಸ ಬೇಡ ಅಂತ ಲಿಫ್ಟ್ ಕೇಳಿಕೊಂಡೆ. ಹೋಗುವ ಮುಂಚೆ ಹರಿಹರದವರೆಗೆ ಒಂದು ಓಟ ಹೋಗಿ ಬಂದೆವು. ಬಿಸಿ ಆಯಿಲ್ ಬೇಗ ಇಳಿಯುತ್ತದೆ, ಕೊಳೆಯನ್ನೂ ಹೊತ್ತುಕೊಂಡು ಬರುತ್ತದೆ. ಕುದಿಯುವಷ್ಟು ಬಿಸಿ ಇದ್ದಾಗ ಬೋಲ್ಟ್ ಬಿಚ್ಚಬೇಡಿ, ಕೈ ಸುಡುತ್ತದೆ. ಒಂದು ಟೀ ಕುಡಿಯುವಷ್ಟು ಬಿಡಿ.

ಮೊದಲು ಮೇಲೆ ಆಯಿಲ್ ಕ್ಯಾಪ್ ಸಡಿಲ ಮಾಡಿದೆ. ನಂತರ ಕೆಳಗಿನ ಪ್ಲಾಸ್ಟಿಕ್ ಹೊದಿಕೆ. ಅದರ ಸ್ಕ್ರೂಗಳನ್ನು ಇದ್ದ ಜಾಗದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಟ್ಟೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಇಳಿದ ಆಯಿಲ್ ಮಸಿ ಕಪ್ಪು. ಅದಕ್ಕೆ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ. ನಾನು ನೋಡಿದ್ದು ಬಣ್ಣವನ್ನಲ್ಲ. ಎರಡು ಬೆರಳ ನಡುವೆ ಒಂದು ಹನಿ ಉಜ್ಜಿ ನೋಡಿದೆ. ನೀರಿನಂತೆ ಜಾರಿತು, ಎಳೆ ಬರಲಿಲ್ಲ. ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ ಸ್ಪಷ್ಟವಾಗಿ ಹೊಡೆಯಿತು. ಭಾವನಿಗೂ ಮೂಸಲು ಕೊಟ್ಟೆ. ಮುಖ ಕಿವುಚಿದರು, ಆಮೇಲೆ ಲೆವೆಲ್ ಮಾತು ಎತ್ತಲಿಲ್ಲ.

ಫಿಲ್ಟರ್ ಪೇಪರಿನದು, ಪ್ಲಾಸ್ಟಿಕ್ ಮುಚ್ಚಳದ ಒಳಗೆ ಕೂರುತ್ತದೆ. ಹಳೆಯ ಫಿಲ್ಟರ್ ಎಸೆಯುವ ಮುಂಚೆ ಅದರ ಪದರಗಳನ್ನು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ, ಹಿಂಡಿ ನೋಡಿದೆ. ಟಾರ್ಚ್ ಬೆಳಕಿನಲ್ಲಿ ಮಿನುಗುವ ಚೂರು ಇದೆಯಾ ಅಂತ ಹುಡುಕಿ, ಮ್ಯಾಗ್ನೆಟ್ ಆಡಿಸಿದೆ. ಏನೂ ಅಂಟಲಿಲ್ಲ. ವಾರಂಟಿ ಇರುವಾಗ ಇದು ಮಾಡಲೇಬೇಕಾದ ಕೆಲಸ ಅನ್ನುತ್ತೇನೆ. ಲೋಹದ ಚೂರು ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ, ಫೋಟೊ ತೆಗೆದು ವರ್ಕ್‌ಶಾಪಿಗೆ ಫೋನ್ ಮಾಡಬೇಕಿತ್ತು.

ಮುಚ್ಚಳದ ಹಳೆಯ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಚಪ್ಪಟೆಯಾಗಿತ್ತು. ಫಿಲ್ಟರ್ ಡಬ್ಬಿಯಲ್ಲೇ ಹೊಸ ಓ-ರಿಂಗ್, ಡ್ರೈನ್ ಬೋಲ್ಟಿನ ಹೊಸ ವಾಷರ್ ಬರುತ್ತವೆ. ಹೊಸ ಓ-ರಿಂಗಿಗೆ ಹೊಸ ಆಯಿಲ್ ಸವರಿ, ಅದರ ತೋಡಿನಲ್ಲೇ ಕೂರಿಸಿದೆ. ಎಷ್ಟು ಬಿಗಿಯಬೇಕು ಅಂತ ಮುಚ್ಚಳದ ಮೇಲೆಯೇ ಅಚ್ಚೊತ್ತಿದ್ದಾರೆ, 25 ನ್ಯೂಟನ್ ಮೀಟರ್. ಗ್ಯಾರೇಜಿನ ಹುಡುಗ "ಕೈ ಅಂದಾಜೇ ಸಾಕು ಬಿಡಿ ಅಣ್ಣ" ಅಂದ. ಅವನ ಕೈಗೆ ಬಲ ಜಾಸ್ತಿ, ಮುಚ್ಚಳ ಪ್ಲಾಸ್ಟಿಕ್. ಟಾರ್ಕ್ ರೆಂಚ್ ಅನ್ನೇ ಹಿಡಿದೆ.

ಆಯಿಲ್ ಹಾಕುವಾಗ ಎಚ್ಚರ ಬೇಕು. ಈ ಕಾರಿಗೆ ಡಿಪ್‌ಸ್ಟಿಕ್ ಇಲ್ಲ. ಮ್ಯಾನ್ಯುಯಲ್‌ನ ಅಳತೆಗಿಂತ ಅರ್ಧ ಲೀಟರ್ ಕಮ್ಮಿ ಹಾಕಿ, ಎಂಜಿನ್ ಶುರು ಮಾಡಿ, ಸೋರುತ್ತಿದೆಯಾ ಅಂತ ಕೆಳಗೆ ಇಣುಕಿ ನೋಡಿ, ಹೊದಿಕೆ ಹಾಕಿದೆ. ಬಿಸಿಯಾಗುವವರೆಗೆ ಓಡಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಗೇರ್ ಪಾರ್ಕಿಗೆ ಹಾಕಿ, ಸ್ಕ್ರೀನಿನಲ್ಲಿ ವೆಹಿಕಲ್ ಸ್ಟೇಟಸ್ ಒಳಗೆ ಹೋಗಿ ಲೆವೆಲ್ ಅಳೆಯಲು ಹೇಳಿದೆ. ಎಂಜಿನ್ ಆನ್ ಇರಬೇಕು. ಸುಮಾರು ಒಂದು ನಿಮಿಷ ತಗೊಳ್ಳುತ್ತದೆ. ಕಮ್ಮಿ ತೋರಿಸಿದ್ದಕ್ಕೆ ಸ್ವಲ್ಪ ಸ್ವಲ್ಪವೇ ಸೇರಿಸಿ ಮತ್ತೆ ಅಳೆದೆ. ಗೆರೆ ಮ್ಯಾಕ್ಸ್‌ಗಿಂತ ಸ್ವಲ್ಪ ಕೆಳಗೆ ಬಂದಾಗ ನಿಲ್ಲಿಸಿದೆ, ಬೇಕಂತಲೇ. ಮುಂದೆ ಡೀಸೆಲ್ ಬೆರೆತು ಏರಲು ಜಾಗ ಬೇಕಲ್ಲ. ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ಒಂದು ಕೆಲಸ ಮಾಡಲಿಲ್ಲ. ಸರ್ವಿಸ್ ಕೌಂಟರ್ ರೀಸೆಟ್. ಹುಡುಗ ಸ್ಕ್ಯಾನರ್ ತಂದೇಬಿಟ್ಟಿದ್ದ. ತಡೆದೆ. ಅದನ್ನು ರೀಸೆಟ್ ಮಾಡಿದರೆ ಮುಂದಿನ ನಿಗದಿತ ಸರ್ವಿಸ್ ದಿನಾಂಕವೇ ಮುಂದಕ್ಕೆ ಹೋಗುತ್ತದೆ. ಕಂಪನಿ ದಾಖಲೆಯಲ್ಲಿ ಮಾತ್ರ ಹಳೆಯ ದಿನಾಂಕವೇ ಇರುತ್ತದೆ. ಕಾರು ನೆನಪಿಸುವುದಿಲ್ಲ, ನಾವು ಹೋಗುವುದಿಲ್ಲ, ವಾರಂಟಿಗೆ ಅಲ್ಲೇ ಕೊಕ್ಕೆ. ಹೆಚ್ಚುವರಿ ಆಯಿಲ್ ಚೇಂಜ್ ನಮ್ಮ ಸಮಾಧಾನಕ್ಕೆ, ಕಾರಿನ ಲೆಕ್ಕಕ್ಕೆ ಬೇಡ.

ಹಳೆಯ ಆಯಿಲ್ ಗ್ಯಾರೇಜಿನ ಡ್ರಮ್ಮಿಗೆ ಹೋಯಿತು. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ರೀಸೈಕ್ಲರ್‌ಗೆ ಹೋಗಬೇಕು. ಬಾಗಿಲಿಗೆ, ಕಂಬಕ್ಕೆ ಬಳಿಯಲು ಒಂದು ಕ್ಯಾನ್ ಕೊಡಿ ಅಂತ ಕೇಳುವವರು ಯಾವಾಗಲೂ ಇರುತ್ತಾರೆ. ಕೊಡಬೇಡಿ.

ಫೈಲಿನಲ್ಲಿ ಈಗ ಇರುವುದು: ವರ್ಕ್‌ಶಾಪಿನ ಮೇಲ್, ಬಿಲ್, ಡಬ್ಬಿಯ ಹಿಂಬದಿ ಮತ್ತು ಬ್ಯಾಚ್ ನಂಬರಿನ ಫೋಟೊ, ಓಡೋಮೀಟರ್ ಫೋಟೊ, ಫಿಲ್ಟರ್ ಬಿಚ್ಚಿ ಹರಡಿದ ಫೋಟೊ. ಜೊತೆಗೆ ಹೊಸ ಆಯಿಲ್ ಒಂದು ಸಣ್ಣ ಬಾಟಲಿಯಲ್ಲಿ ಸೀಲ್ ಮಾಡಿ, ದಿನಾಂಕ ಬರೆದು ಇಟ್ಟಿದ್ದೇನೆ. ಯಾವ ಆಯಿಲ್ ಹಾಕಿದ್ದೀರಿ ಅಂತ ಯಾರಾದರೂ ಕೇಳಿದರೆ ಲ್ಯಾಬಿಗೆ ಕಳಿಸಲು. ಉಳಿದ ಆಯಿಲ್ ಅದರ ಡಬ್ಬಿಯಲ್ಲೇ, ಕಾರಿನ ಡಿಕ್ಕಿಯಲ್ಲಿದೆ. ದೂರದ ದಾರಿಯಲ್ಲಿ ಟಾಪ್‌ಅಪ್ ಬೇಕಾದರೆ ಸಿಕ್ಕಿದ್ದು ಸುರಿಯುವ ಹಾಗಿಲ್ಲ. ತೀರಾ ಬೇಕಾದರೆ ಲಾಂಗ್‌ಲೈಫ್-04 ಸಿಗದ ಕಡೆ ಒಂದು ಲೀಟರಿನವರೆಗೆ ಎಸಿಇಎ ಸಿ3 ನಡೆಯುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿದೆ. ಬಂಕಿನಲ್ಲಿ ಕೇಳಲು ಭಾವನ ಮೊಬೈಲಿನಲ್ಲಿ ಆ ಪುಟದ ಫೋಟೊ ಹಾಕಿಕೊಟ್ಟೆ.

ಮುಂದಿನದು ಬ್ರೇಕ್ ಫ್ಲೂಯಿಡ್. ಅದನ್ನು ನಾನು ಮುಟ್ಟುವುದಿಲ್ಲ, ನಿಗದಿತ ಸರ್ವಿಸ್ ಜೊತೆಗೆ ಬೆಂಗಳೂರಿನಲ್ಲೇ ಆಗಲಿ. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ಚಿತ್ರದುರ್ಗದವರೆಗೆ ಹೈವೇಯಲ್ಲಿ ಓಡಿಸಿ ಬನ್ನಿ ಅಂತ ಭಾವನಿಗೆ ಹೇಳಿದ್ದೇನೆ. "ಡೀಸೆಲ್ ಖರ್ಚು ನೀನು ಕೊಡ್ತೀಯೇನಪ್ಪಾ?" ಅಂದರು.